ಮನಸ್ಸಿನ ಮಾತ್ರೆ, ಕಣ್ಣಿನ ತೊಂದ್ರೆ: ಪದೇ ಪದೇ ಕೇಳೋ ಪ್ರಶ್ನೆಗಳು

ಹಾಸನದಲ್ಲಿ ಕನ್ನಡಕದ ಅಂಗಡಿಲಿ ಕಣ್ಣು ಚೆಕ್ ಮಾಡೋ ಕೆಲ್ಸ ನಂದು. ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮನಸ್ಸಿನ ಕಾಯಿಲೆ ಇದೆ, ಅವನ ಚೀಟಿ ಹಿಡ್ಕೊಂಡು ಆಸ್ಪತ್ರೆ ಸುತ್ತೋದು ಇನ್ನೊಂದು ಕೆಲ್ಸ, ಅದಕ್ಕೆ ಸಂಬಳ ಇಲ್ಲ ಅಷ್ಟೇ. ಹಿಂಗಾಗಿ ಎರಡೂ ಕಡೆಯ ಪ್ರಶ್ನೆ ನನ್ ಹತ್ರನೇ ಬರುತ್ತೆ. ಅಂಗಡಿಲಿ ಪಕ್ಕಕ್ಕೆ ಕರೆದು ಮೆತ್ತಗೆ ಕೇಳಿದ್ದು, ಸಕಲೇಶಪುರ, ಮೂಡಿಗೆರೆ, ಕಡೂರು ಕಡೆಯಿಂದ ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸಿದ್ದು, ಎಲ್ಲಾ ಅವರವರ ಮಾತಲ್ಲೇ ಹಾಕಿದೀನಿ. ನಾನು ಡಾಕ್ಟರ್ ಅಲ್ಲ. ಡೋಸ್ ಕಮ್ಮಿ ಮಾಡೋದು ಜಾಸ್ತಿ ಮಾಡೋದು ನಿಮ್ಮ ಡಾಕ್ಟರ್ ಕೆಲ್ಸ, ನಾನು ಇಲ್ಲಿ ಏನೇ ಬರೆದಿದ್ರೂ.

## ಮೊದಮೊದಲು

ಇದು ತಲೆಗೆ ಕೊಡೋ ಮಾತ್ರೆ ಅಲ್ವಾ ಸಾರ್, ಕಣ್ಣಿಗೂ ಇದಕ್ಕೂ ಏನ್ ಸಂಬಂಧ?

ನುಂಗಿದ ಮಾತ್ರೆ ತಲೆಗಷ್ಟೇ ಹೋಗಿ ಕೂರಲ್ಲ, ರಕ್ತದ ಜೊತೆ ಮೈಯೆಲ್ಲಾ ಸುತ್ತುತ್ತೆ. ಹಾಲೋಪೆರಿಡಾಲ್, ರಿಸ್ಪೆರಿಡೋನ್, ಓಲಾಂಜಪೈನ್, ಕ್ಲೋಜಪೈನ್, ಕ್ವೆಟಿಯಾಪೈನ್, ಕ್ಲೋರ್‌ಪ್ರೊಮಜೈನ್ ಇವೆಲ್ಲಾ ಮುಖ್ಯವಾಗಿ ಮೆದುಳಿನ ಡೋಪಮೈನ್ ಅನ್ನೋ ರಾಸಾಯನಿಕವನ್ನ ತಡೆಯೋದು, ಅದರಿಂದಾನೇ ಕಿವೀಲಿ ಮಾತು ಕೇಳೋದು, ಅನುಮಾನ ಎಲ್ಲಾ ತಗ್ಗೋದು. ಆದ್ರೆ ಕಣ್ಣುಗುಡ್ಡೆ ಆಡಿಸೋ ಸ್ನಾಯುಗಳ ಲೆಕ್ಕಾಚಾರದಲ್ಲೂ ಡೋಪಮೈನ್ ಇದೆ. ಇನ್ನು ಕೆಲವು ಮಾತ್ರೆ ಅಸಿಟೈಲ್‌ಕೋಲಿನ್ ಅನ್ನೋದನ್ನೂ ತಡೆಯುತ್ತೆ, ಹತ್ತಿರದ್ದು ನೋಡೋವಾಗ ಕಣ್ಣಿನ ಲೆನ್ಸ್ ಉಬ್ಬಿಸಿ ಫೋಕಸ್ ಮಾಡಿಸೋದೂ, ಪಾಪೆ ಚಿಕ್ಕದು ಮಾಡೋದೂ, ಕಣ್ಣೀರು ಜಿನುಗಿಸೋದೂ ಅದೇ. ಎಲ್ಲರಿಗೂ ಎಲ್ಲಾ ತೊಂದ್ರೆ ಬರಲ್ಲ, ಬಹಳ ಜನಕ್ಕೆ ಏನೂ ಬರಲ್ಲ.

ಮಾತ್ರೆ ಶುರು ಮಾಡಿ ಹತ್ತು ದಿನ ಆಯ್ತು, ಅಕ್ಷರ ಎಲ್ಲಾ ಕಲಸಿಕೊಂಡಂಗೆ ಕಾಣುತ್ತೆ. ಪವರ್ ಚೆಕ್ ಮಾಡಿ ಒಂದು ಕನ್ನಡಕ ಕೊಟ್ಬಿಡಿ

ಕನ್ನಡಕ ಮಾರೋನಾಗಿ ಹೇಳ್ತಿದೀನಿ, ಈಗ್ಲೇ ಮಾಡಿಸ್ಬೇಡಿ.

ಆಲೂರು ಕಡೆಯ ಒಬ್ಬ ಡಿಗ್ರಿ ಹುಡುಗ ಬಂದಿದ್ದ. ದೂರದ ಬೋರ್ಡು ಕೊನೆ ಸಾಲಿನ ತನಕ ಪಟಪಟ ಓದ್ದ. ಹತ್ತಿರದ ಕಾರ್ಡ್ ಕೈಗೆ ಕೊಟ್ರೆ, ಐವತ್ತು ದಾಟಿದ ಮೇಷ್ಟ್ರು ಹಿಡಿಯೋ ಥರ ಕೈ ಉದ್ದಕ್ಕೆ ಚಾಚಿ ಹಿಡಿದು ಕಣ್ಣು ಕಿರಿದು ಮಾಡ್ತಾನೆ, ಆದ್ರೂ ಸಣ್ಣಕ್ಷರ ಸಿಗ್ತಿಲ್ಲ. ಇಪ್ಪತ್ತೊಂದು ವರ್ಷಕ್ಕೆ ಚಾಳೀಸು ಬರಲ್ಲ ಅಲ್ವಾ. ಏನಾದ್ರೂ ಮಾತ್ರೆ ತಗೋತಿದೀಯೇನಪ್ಪಾ ಅಂದೆ, ಇಲ್ಲ ಅಂದ. ಬಾಯಿ ಒಣಗುತ್ತಾ ಅಂದೆ, ತಲೆ ಎತ್ತಿ ನೋಡ್ದ, ನಿಮಗೆ ಹೆಂಗ್ ಗೊತ್ತಾಯ್ತು ಅಂದ. ಆಮೇಲೆ ಜೇಬಿಂದ ಸ್ಟ್ರಿಪ್ ತೆಗ್ದ, ರಿಸ್ಪೆರಿಡೋನ್ ಜೊತೆ ಟ್ರೈಹೆಕ್ಸಿಫೆನಿಡಿಲ್ ಸೇರಿರೋದು.

ಇಲ್ಲಿ ಬಹಳ ಸಲ ಕಳ್ಳ ಆ ಎರಡನೇದೇ. ಕೈ ನಡುಕ, ಬಿಗಿತ ಬರದಿರ್ಲಿ ಅಂತ ಜೊತೆಗೆ ಕೊಡೋ ಮಾತ್ರೆ ಅದು, ಪ್ಯಾಸಿಟೇನ್ ಅಂದ್ರೆ ಹಳಬರಿಗೆ ಗೊತ್ತು, ಕೆಲವು ಮಾತ್ರೆ ಹೆಸರಿನ ಕೊನೇಲಿ ಪ್ಲಸ್ ಅಂತಿದ್ರೆ ಒಳಗೆ ಇದೂ ಸೇರಿರುತ್ತೆ. ಹತ್ತಿರದ ಫೋಕಸ್ ಸಡಿಲ ಮಾಡುತ್ತೆ, ಬಾಯಿ ಒಣಗಿಸುತ್ತೆ, ಮಲಬದ್ಧತೆನೂ ತರುತ್ತೆ. ಓಲಾಂಜಪೈನ್, ಕ್ಲೋಜಪೈನ್, ಕ್ಲೋರ್‌ಪ್ರೊಮಜೈನ್ ತಾವಾಗೇನೂ ಇದನ್ನ ಮಾಡಬಲ್ಲವು. ಸುಮಾರು ಜನಕ್ಕೆ ಕೆಲವು ವಾರದಲ್ಲಿ ತಾನಾಗೇ ಹಗುರ ಆಗುತ್ತೆ. ಆಗ್ಲಿಲ್ಲ ಅಂದ್ರೆ ಮುಂದಿನ ಸಲ ಹೋದಾಗ ಡಾಕ್ಟ್ರಿಗೆ ಹೇಳಿ, ಜೊತೆಯ ಮಾತ್ರೆ ಇನ್ನೂ ಬೇಕಾ ಅಂತ ಅವರು ನೋಡ್ತಾರೆ. ಪರೀಕ್ಷೆ ತಲೆ ಮೇಲಿದೆ ಓದ್ಲೇಬೇಕು ಅಂದ್ರೆ ಅಗ್ಗದ ರೀಡಿಂಗ್ ಗ್ಲಾಸ್ ಒಂದು ತಾತ್ಕಾಲಿಕಕ್ಕೆ ಸಾಕು, ಸಾವಿರಾರು ಕೊಟ್ಟು ಮಾಡಿಸಿದ್ರೆ ಎರಡು ತಿಂಗಳಿಗೆ ಡ್ರಾಯರ್ ಸೇರುತ್ತೆ.

ತೋಟದಲ್ಲಿ ಬಿಸ್ಲಿಗೆ ನಿಂತ್ರೆ ಕಣ್ಣು ಬಿಡಕ್ಕಾಗಲ್ಲ

ಪಾಪೆ ದೊಡ್ಡದಾಗಿರುತ್ತೆ, ಬೆಳಕು ಜಾಸ್ತಿ ನುಗ್ಗುತ್ತೆ. ಟೋಪಿ, ಕೂಲಿಂಗ್ ಗ್ಲಾಸ್ ಹಾಕ್ಕೊಳ್ಳಿ. ಕ್ಲೋರ್‌ಪ್ರೊಮಜೈನ್ ತಗೊಳ್ಳೋರಿಗೆ ಬಿಸ್ಲು ಚರ್ಮಕ್ಕೂ ಆಗಲ್ಲ, ಬೇಗ ಕಪ್ಪಿಟ್ಟು ಉರಿಯುತ್ತೆ, ಹಂಗಾಗಿ ಕಾಫಿ ಕಣದಲ್ಲಿ ಹೊತ್ತಿಡೀ ಹಣ್ಣು ಹರವೋ ಕೆಲ್ಸ ಅವರಿಗೆ ಬೇಡ, ನೆರಳಿನ ಕೆಲ್ಸ ಕೊಡಿ.

ಕಣ್ಣೊಳಗೆ ಮರಳು ಬಿದ್ದಂಗೆ, ಒಂದೇ ಸಮ ಉರಿ. ಮೆಡಿಕಲ್ಲಲ್ಲಿ ಒಂದು ಡ್ರಾಪ್ಸ್ ಕೊಟ್ರು, ಹಾಕ್ಲಾ?

ಮೊದ್ಲು ಆ ಡ್ರಾಪ್ಸ್ ಏನು ಅಂತ ನೋಡಿ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಅಂತೆಲ್ಲಾ ಬರೆದಿದ್ರೆ ಅದು ಸ್ಟೀರಾಯ್ಡ್, ಚೀಟಿ ಇಲ್ದೆ ಹಾಕ್ಬೇಡಿ, ತಿಂಗಳುಗಟ್ಟಲೆ ಹಾಕಿ ಕಣ್ಣಿನ ಪ್ರೆಶರ್ ಏರಿಸ್ಕೊಂಡು ಬಂದೋರನ್ನ ನೋಡಿದೀನಿ. ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಅಂತಿದ್ರೆ ಅದು ಬರೀ ಕಣ್ಣೀರಿನ ಬದಲಿ, ತೊಂದ್ರೆ ಇಲ್ಲ.

ಒಣಗೋದಕ್ಕೆ ಎರಡು ಕಾರಣ ಇದೆ. ಒಂದು, ಕಣ್ಣೀರೇ ಕಮ್ಮಿ. ಇನ್ನೊಂದನ್ನ ಜನ ಗಮನಿಸಲ್ಲ: ಮಾತ್ರೆಯಿಂದ ಪಾರ್ಕಿನ್ಸನ್ ಥರ ಬಿಗಿತ ಬಂದೋರು ರೆಪ್ಪೆ ಬಡಿಯೋದೇ ಕಮ್ಮಿ ಮಾಡಿರ್ತಾರೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಹದಿನೈದು ಸಲದ ಆಸುಪಾಸು ರೆಪ್ಪೆ ಹೊಡೀತೀವಿ. ಟಿವಿ ಮುಂದೆ ಕೂತಿರೋವಾಗ ಅವರಿಗೆ ಗೊತ್ತಾಗ್ದಂಗೆ ಒಂದು ನಿಮಿಷ ಎಣಿಸಿ ನೋಡಿ. ನಾಲ್ಕೋ ಐದೋ ಬಂತು, ಮುಖದಲ್ಲಿ ಭಾವನೇನೂ ಕಮ್ಮಿ, ನಡೆಯೋವಾಗ ಕೈ ಬೀಸ್ತಿಲ್ಲ ಅಂದ್ರೆ ಅದು ಡ್ರಾಪ್ಸ್‌ನಲ್ಲಿ ಮುಗಿಯೋ ಮಾತಲ್ಲ, ಮನಸ್ಸಿನ ಡಾಕ್ಟ್ರಿಗೆ ಹೇಳ್ಬೇಕು.

ನಮ್ಮ ಹುಡ್ಗನ ಕಣ್ಣು ಮೇಲಕ್ಕೆ ಹೋಗಿ ಅಲ್ಲೇ ನಿಂತ್ಬಿಟ್ಟಿದೆ. ಮೈಮೇಲೆ ಏನೋ ಬಂದಿದೆ ಅಂತಾರೆ ಊರಲ್ಲಿ, ಹೌದಾ?

ಇದನ್ನ ನಾನು ಮನೇಲೇ ನೋಡಿದೀನಿ.

ತಮ್ಮನಿಗೆ ಮೊದಲನೇ ಸಲ ಅಡ್ಮಿಟ್ ಮಾಡಿ ಹಾಲೋಪೆರಿಡಾಲ್ ಕೊಟ್ಟು ಮನೆಗೆ ಕಳಿಸಿದ ಮೂರನೇ ದಿನ. ಸಂಜೆ ಕಾಫಿ ಲೋಟ ಕೈಲಿತ್ತು. ಮಾತಾಡ್ತಾ ಮಾತಾಡ್ತಾ ಕಣ್ಣು ಮೆಲ್ಲಗೆ ಹೆಂಚಿನ ಕಡೆ ಏರ್ತು, ಕರಿಗುಡ್ಡೆ ಅರ್ಧ ಮೇಲಿನ ರೆಪ್ಪೆ ಒಳಗೆ ಹೋಯ್ತು, ಕತ್ತು ಹಿಂದಕ್ಕೆ ವಾಲ್ತು. ಲೋಟ ಮಾತ್ರ ಬಿಡ್ಲಿಲ್ಲ, ಕಾಫಿ ತೊಡೆ ಮೇಲೆಲ್ಲಾ ಚೆಲ್ತು. ದೊಡ್ಡಮ್ಮ ಓಡಿ ವಿಭೂತಿ ತಂದ್ರು, ಹಾಸನಾಂಬೆ ಬಾಗಿಲು ತೆಗೆಯೋ ಹೊತ್ತು, ಹರಕೆ ತೀರಿಸಿಲ್ಲ ನೀವು ಅಂತ ನಮ್ಮಮ್ಮನ ಮೇಲೆ ರೇಗಿದ್ರು. ಅವನು ಮಾತ್ರ ಪೂರ್ತಿ ಎಚ್ಚರವಾಗಿದ್ದ, ತೊದಲ್ತಾ "ಅಣ್ಣಾ ಕಣ್ಣು ಕೆಳಗಿಳೀತಿಲ್ಲ ಕಣೋ" ಅಂತಿದ್ದ. ನನಗೂ ಅವತ್ತು ಏನೂ ಗೊತ್ತಿರ್ಲಿಲ್ಲ. ಕನ್ನಡಕದ ಕೆಲ್ಸ ಆಗ ತಾನೆ ಕಲೀತಿದ್ದೆ.

ಕಾರ್ ಮಾಡ್ಕೊಂಡು ಕ್ಯಾಶುವಾಲ್ಟಿಗೆ ಹೋದ್ವಿ. ಡ್ಯೂಟಿ ಡಾಕ್ಟರ್ ಚೀಟಿ ನೋಡಿದ್ರು, ಒಂದು ಪ್ರೊಮೆಥಜೈನ್ ಇಂಜೆಕ್ಷನ್ ಹಾಕಿಸಿದ್ರು. ಇಪ್ಪತ್ತು ನಿಮಿಷಕ್ಕೆಲ್ಲಾ ಗುಡ್ಡೆ ಮೆಲ್ಲಗೆ ಕೆಳಗಿಳೀತು, ಅವನು ಮೊದ್ಲು ನೋಡಿದ್ದು ಸಿಸ್ಟರ್ ಚಪ್ಪಲಿ. "ನೆಲ ಕಾಣ್ತಿದೆ" ಅಂದ. ನನಗೆ ಈಗ್ಲೂ ಬೇಜಾರಿರೋದು ಒಂದೇ, ಡಿಸ್ಚಾರ್ಜ್ ಮಾಡಿದ ಕಡೆ ಹಿಂಗಾಗಬಹುದು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು.

ಇದಕ್ಕೆ ಆಕ್ಯುಲೋಜೈರಿಕ್ ಕ್ರೈಸಿಸ್ ಅಂತಾರೆ, ಸ್ನಾಯು ಹಿಡ್ಕೊಳ್ಳೋದು ಅಷ್ಟೇ. ಔಷಧಿ ಶುರು ಮಾಡಿದ ಅಥವಾ ಡೋಸ್ ಏರಿಸಿದ ಮೊದಲ 4-5 ದಿನದಲ್ಲೇ ಜಾಸ್ತಿ, ವಯಸ್ಸಿನ ಹುಡುಗರಿಗೆ ಜಾಸ್ತಿ, ಹಾಲೋಪೆರಿಡಾಲ್ ಥರದ್ದರಲ್ಲಿ ಜಾಸ್ತಿ. ಫಿಟ್ಸ್ ಅಲ್ಲ, ಫಿಟ್ಸ್‌ನಲ್ಲಿ ಸಾಮಾನ್ಯವಾಗಿ ಪ್ರಜ್ಞೆ ಹೋಗುತ್ತೆ, ಇದ್ರಲ್ಲಿ ಇರುತ್ತೆ. ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಮಾತ್ರೆ ಸ್ಟ್ರಿಪ್ ಸಮೇತ ಹೋಗಿ. ನಾಲಿಗೆ ಹೊರಳ್ತಿದ್ರೆ, ಗಂಟಲು ಬಿಗಿದು ಉಸಿರಿಗೆ ಕಷ್ಟ ಆದ್ರೆ 108ಕ್ಕೆ ಫೋನ್ ಮಾಡಿ. ವಿಭೂತಿ ಹಚ್ಚೋದು ಬೇಡ ಅನ್ನಲ್ಲ ನಾನು, ಕಾರಲ್ಲಿ ಕೂತ್ಕೊಂಡು ಹಚ್ಚಿ.

ಇನ್ನೊಂದು ಮಾತು. ಮನಸ್ಸಿನ ಮಾತ್ರೆ ಮುಟ್ಟದೇ ಇರೋರಿಗೂ ಇದು ಬರುತ್ತೆ. ವಾಂತಿಗೆ ಹಾಕೋ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡೋ ಪ್ರೊಕ್ಲೋರ್‌ಪೆರಜೈನ್, ಎರಡೂ ಡೋಪಮೈನ್ ತಡೆಯೋ ಜಾತಿಯವೇ. ವಾಂತಿಗೆ ಇಂಜೆಕ್ಷನ್ ಹಾಕಿಸ್ಕೊಂಡು ಬಂದ ಮಗಳ ಕಣ್ಣು ಮೇಲೆ ಸಿಕ್ಕಾಕ್ಕೊಂಡ್ರೆ ದೆವ್ವ ಹುಡುಕ್ಬೇಡಿ, ಇಂಜೆಕ್ಷನ್ ಹೆಸರು ಹುಡುಕಿ.

ಮಾತ್ರೆ ನಿಲ್ಲಿಸಿಬಿಟ್ರೆ ಕಣ್ಣು ತಾನಾಗೇ ಸರಿ ಹೋಗುತ್ತಲ್ವಾ ಅಣ್ಣಾ?

ಕಣ್ಣು ಸರಿ ಹೋಗಬಹುದು, ಹುಡುಗ ಕೈ ತಪ್ಪಬಹುದು. ನಿಲ್ಲಿಸಿದ ಎರಡು ವಾರ ಎಲ್ಲಾ ಚೆನ್ನಾಗಿರುತ್ತೆ, ಅದೇ ಮೋಸ, ಆಮೇಲೆ ನಿದ್ದೆ ಹೋಗುತ್ತೆ, ಮತ್ತೆ ಮೊದಲಿಂದ. ಕ್ಲೋಜಪೈನ್ ಅಂತೂ ದಿಢೀರ್ ನಿಲ್ಲಿಸೋ ಮಾತ್ರೆನೇ ಅಲ್ಲ. ಡೋಸ್ ಇಳಿಸೋದು, ಬೇರೆ ಮಾತ್ರೆಗೆ ಬದಲಾಯಿಸೋದು, ಜೊತೆಯದ್ದು ತೆಗೆಯೋದು, ಡಾಕ್ಟರ್ ಹತ್ರ ದಾರಿ ಬೇಕಾದಷ್ಟಿದೆ. ಆಸ್ಪತ್ರೆಗೆ ಹೋಗೋ ತನಕ ತಡೆಯಕ್ಕಾಗ್ತಿಲ್ಲ, ಯಾರನ್ನ ಕೇಳ್ಬೇಕೋ ಗೊತ್ತಾಗ್ತಿಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ, ಟೆಲಿಮಾನಸ್ ಅಂತ ಸರ್ಕಾರದ ಮನಸ್ಸಿನ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ರಾತ್ರಿ ಬೈಕ್ ಓಡಿಸಬಹುದಾ?

ಶುರುವಿನ ಕೆಲವು ವಾರ ಬೇಡ. ಮಂಪರು, ಮಂಜು ಮಂಜು ಕಾಣೋದು, ಎದುರಿನ ಲೈಟ್ ಕಣ್ಣಿಗೆ ಹೊಡೆಯೋದು, ಮೂರೂ ಒಟ್ಟಿಗೆ ಇದ್ದಾಗ ಚಾರ್ಮಾಡಿ ಘಾಟಿ ಯಾಕೆ, ಮನೆ ಮುಂದಿನ ರೋಡೇ ಸಾಕು.

## ವರ್ಷಗಟ್ಟಲೆ ತಗೊಳ್ಳೋರು ಕೇಳೋದು

ಕಣ್ಣಿನ ಡಾಕ್ಟರ್ ಹತ್ರ ಈ ಮಾತ್ರೆ ವಿಷ್ಯ ಹೇಳ್ಲೇಬೇಕಾ? ಮಗಳ ಮದುವೆ ಮಾತುಕತೆ ಬೇರೆ ನಡೀತಿದೆ

ಹೇಳ್ಬೇಕು. ಎಲ್ಲಾ ಪ್ರಶ್ನೆಗಿಂತ ಇದು ನನಗೆ ಮುಖ್ಯ ಅನ್ಸುತ್ತೆ.

ನಮ್ಮ ಕಡೆ ಇದಕ್ಕೆ ಎಷ್ಟು ಹೆಸರು, ನಿದ್ದೆ ಮಾತ್ರೆ, ನರದ ಮಾತ್ರೆ, ಶಕ್ತಿ ಮಾತ್ರೆ, ಒಬ್ಬರು ಅಮ್ಮ ಗ್ಯಾಸ್ಟ್ರಿಕ್ ಮಾತ್ರೆ ಅಂತಲೂ ಹೇಳಿದ್ರು. ಕಣ್ಣಿನ ಡಾಕ್ಟ್ರಿಗೆ ಗ್ಯಾಸ್ಟ್ರಿಕ್ ಅಂದ್ರೆ ಅವರು ಗ್ಯಾಸ್ಟ್ರಿಕ್ ಅಂತಲೇ ಬರ್ಕೋತಾರೆ, ಇಲ್ಲದ ಕಾಯಿಲೆ ಹುಡುಕ್ತಾ ಮೂರು ಸಲ ಓಡಾಡಿಸ್ತಾರೆ. ಮನಸ್ಸಿನ ಡಾಕ್ಟರ್ ಕಣ್ಣು ನೋಡಲ್ಲ, ಕಣ್ಣಿನ ಡಾಕ್ಟರ್ ಆ ಚೀಟಿ ಕೇಳಲ್ಲ, ಇಬ್ಬರೂ ಒಂದೇ ಕಾಂಪೌಂಡಲ್ಲಿ ಕೂತಿದ್ರೂ ಅಷ್ಟೇ. ಇಬ್ಬರ ಮಧ್ಯೆ ಮಾತಾಡೋದು ನೀವು ತಗೊಂಡು ಹೋಗೋ ಚೀಟಿ ಒಂದೇ. ಕಾಯಿಲೆ ಹೆಸರು ಬಾಯಲ್ಲಿ ಹೇಳಕ್ಕೆ ಮುಜುಗರ ಆದ್ರೆ ಹೇಳ್ಬೇಡಿ, ಸ್ಟ್ರಿಪ್ ತೆಗೆದು ಟೇಬಲ್ ಮೇಲೆ ಇಡಿ, ಅವರಿಗೆ ಅರ್ಥ ಆಗುತ್ತೆ. ವೆಯ್ಟಿಂಗ್ ಹಾಲಲ್ಲಿ ಪರಿಚಯದೋರು ಕೂತಿದ್ರೆ ಒಳಗೆ ಹೋದ್ಮೇಲೆ ಕೊಡಿ.

ಈ ಮಾತ್ರೆಯಿಂದ ಕಣ್ಣಲ್ಲಿ ಪೊರೆ ಬರುತ್ತಂತೆ, ನಿಜಾನಾ?

ಯಾವ ಮಾತ್ರೆ ಅನ್ನೋದ್ರ ಮೇಲಿದೆ. ಕ್ಲೋರ್‌ಪ್ರೊಮಜೈನ್ 1952ರಲ್ಲಿ ಪ್ಯಾರಿಸ್‌ನಲ್ಲಿ ಮನೋರೋಗಕ್ಕೆ ಬಳಕೆಗೆ ಬಂತು, ಈ ಜಾತಿಯಲ್ಲೇ ಮೊದಲನೇದು. ಅದನ್ನ ದೊಡ್ಡ ಡೋಸ್‌ನಲ್ಲಿ ವರ್ಷಗಟ್ಟಲೆ ತಗೊಂಡೋರ ಲೆನ್ಸ್ ಮೇಲೆ ನಕ್ಷತ್ರದಾಕಾರದ ಸಣ್ಣ ಸಣ್ಣ ಚುಕ್ಕೆ ಕೂರೋದನ್ನ 1960ರ ದಶಕದಲ್ಲೇ ಗಮನಿಸಿದ್ರು, ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ಅದ್ರ ಮೇಲೂ ಕೂರುತ್ತೆ, ಬೆಳಕು ಬೀಳೋ ಜಾಗದಲ್ಲಿ ಜಾಸ್ತಿ. ಕಣ್ಣು ದೊಡ್ಡದು ಮಾಡಿ ನೋಡೋ ಸ್ಲಿಟ್ ಲ್ಯಾಂಪ್‌ನಲ್ಲಿ ಕಂದು ಪುಡಿ ಉದುರಿಸಿದಂಗೆ ಕಾಣುತ್ತೆ. ನೋಡೋರಿಗೆ ಗಾಬರಿ, ಆದ್ರೆ ಬಹಳಷ್ಟು ಜನಕ್ಕೆ ದೃಷ್ಟಿಗೆ ಏನೂ ಆಗಲ್ಲ.

ಕ್ವೆಟಿಯಾಪೈನ್ ಕಥೆ ಬೇರೆ. ಬೀಗಲ್ ಜಾತಿಯ ನಾಯಿಗಳಿಗೆ ಕೊಟ್ಟು ನೋಡಿದಾಗ ಪೊರೆ ಬಂತು, ಅದಕ್ಕೆ ಅಮೆರಿಕದ ಲೇಬಲ್‌ನಲ್ಲಿ ಶುರುವಿಗೆ ಒಂದ್ಸಲ, ಆಮೇಲೆ ಆರು ತಿಂಗಳಿಗೊಮ್ಮೆ ಲೆನ್ಸ್ ನೋಡಿಸಿ ಅಂತ ಬರೆದ್ರು. ಆಮೇಲೆ ಮನುಷ್ಯರಲ್ಲೇ ರಿಸ್ಪೆರಿಡೋನ್ ಜೊತೆ ಎರಡು ವರ್ಷ ಹೋಲಿಸಿ ನೋಡಿದಾಗ ಇದ್ರಲ್ಲಿ ಪೊರೆ ಜಾಸ್ತಿ ಅಂತ ಕಾಣ್ಲಿಲ್ಲ. ಅರವತ್ತು ದಾಟಿದೋರಿಗೆ ಪೊರೆ ಬಂದ್ರೆ ಮಾತ್ರೆ ಮೇಲೆ ಗೂಬೆ ಕೂರಿಸೋ ಮುಂಚೆ ವಯಸ್ಸು, ಬೀಡಿ, ಶುಗರ್ ಲೆಕ್ಕ ಹಾಕಿ.

ಅಪ್ಪನಿಗೆ ಪೊರೆ ಆಪರೇಷನ್ ಫಿಕ್ಸ್ ಆಗಿದೆ. ರಿಸ್ಪೆರಿಡೋನ್ ಒಂದು ವಾರ ಮುಂಚೆ ನಿಲ್ಲಿಸ್ಬೇಕಾ?

ನಿಲ್ಲಿಸ್ಬೇಡಿ, ಆದ್ರೆ ಸರ್ಜನ್‌ಗೆ ಮುಂಚೆನೇ ಹೇಳಿ. ರಿಸ್ಪೆರಿಡೋನ್, ಪ್ಯಾಲಿಪೆರಿಡೋನ್, ಕ್ಲೋರ್‌ಪ್ರೊಮಜೈನ್, ಕ್ವೆಟಿಯಾಪೈನ್ ಇವು ಕಣ್ಣಿನ ಬಣ್ಣದ ಪರದೆ ಇದೆಯಲ್ಲ, ಐರಿಸ್, ಅದನ್ನ ಬಿಗಿಯಾಗಿ ಹಿಡಿಯೋ ಸ್ನಾಯುವನ್ನ ಸಡಿಲ ಮಾಡಬಲ್ಲವು. ಆಪರೇಷನ್ ಮಧ್ಯೆ ಪರದೆ ಒದ್ದೆ ಬಟ್ಟೆ ಥರ ಅಲೆಯುತ್ತೆ, ಪಾಪೆ ಚಿಕ್ಕದಾಗುತ್ತೆ, ಕೆಲ್ಸ ಮಾಡೋ ಕಿಟಕಿನೇ ಮುಚ್ಕೊಂಡಂಗೆ. ಇದಕ್ಕೆ ಫ್ಲಾಪಿ ಐರಿಸ್ ಅಂತ ಹೆಸರು ಬಿದ್ದಿದ್ದು 2005ರಲ್ಲಿ, ಅದೂ ಮೂತ್ರದ ತೊಂದ್ರೆಗೆ ಗಂಡಸರು ತಗೊಳ್ಳೋ ಟ್ಯಾಮ್ಸುಲೋಸಿನ್ ಮಾತ್ರೆಯಿಂದ. ಅಪ್ಪ ಅದನ್ನೂ ತಗೋತಿದ್ರೆ ಅದನ್ನೂ ಹೇಳಿ. ಮಾತ್ರೆ ನಿಲ್ಲಿಸಿದ್ರೂ ಈ ಸಡಿಲತೆ ಹೋಗುತ್ತೆ ಅಂತಿಲ್ಲ, ರೋಗ ಮರುಕಳಿಸಿದ್ರೆ ಅದು ಬೇರೆ ಫಜೀತಿ. ಮುಂಚೆ ಗೊತ್ತಿದ್ರೆ ಸರ್ಜನ್ ಹುಕ್ಕು, ರಿಂಗು, ಒಳಗೆ ಹಾಕೋ ಔಷಧಿ ಎಲ್ಲಾ ರೆಡಿ ಇಟ್ಕೋತಾರೆ, ಆಪರೇಷನ್ ಸಲೀಸಾಗಿ ಆಗುತ್ತೆ. ಉಚಿತ ಕ್ಯಾಂಪಲ್ಲಿ ಒಂದೇ ದಿನ ಸಾಲಾಗಿ ಮಾಡೋವಾಗ ಯಾರೂ ಬಿಡಿಸಿ ಕೇಳದೇ ಇರಬಹುದು, ನೀವೇ ಬಾಯಿ ಬಿಡಿ.

ಓಲಾಂಜಪೈನ್ ತಗೊಂಡ ಮೇಲೆ ಮೂರು ತಿಂಗಳಿಗೊಮ್ಮೆ ಪವರ್ ಬದಲಾಗ್ತಿದೆ, ನಿಮ್ಮ ಮೆಷೀನೇ ಸರಿ ಇಲ್ವೇನೋ

ಮೆಷೀನ್ ಸರಿ ಇದೆ ಅಕ್ಕಾ, ಶುಗರ್ ನೋಡಿಸಿದ್ರಾ? ಓಲಾಂಜಪೈನ್, ಕ್ಲೋಜಪೈನ್ ಎರಡೂ ತೂಕ ಏರಿಸೋದ್ರಲ್ಲಿ, ಶುಗರ್ ತರೋದ್ರಲ್ಲಿ ಮುಂದು. ಶುಗರ್ ಏರಿ ಇಳಿದಂಗೆ ಲೆನ್ಸ್‌ನಲ್ಲಿ ನೀರಿನಂಶ ಏರುಪೇರಾಗುತ್ತೆ, ಪವರ್ ಕುಣಿಯುತ್ತೆ. ಶುಗರ್ ಹತೋಟಿಗೆ ಬಂದು ಒಂದು ತಿಂಗಳು, ಒಂದೂವರೆ ತಿಂಗಳು ಹಂಗೇ ನಿಂತ್ಮೇಲೆ ಕನ್ನಡಕ ಮಾಡಿಸಿ. ಶುಗರ್ ಇದೆ ಅಂತ ಗೊತ್ತಾದ ಕೂಡ್ಲೇ ಪಾಪೆ ಹಿಗ್ಗಿಸೋ ಡ್ರಾಪ್ಸ್ ಹಾಕಿಸಿ ರೆಟಿನಾ, ಅಂದ್ರೆ ಕಣ್ಣಿನ ಹಿಂಭಾಗದ ಪರದೆ, ನೋಡಿಸ್ಬೇಕು, ಆಮೇಲೆ ವರ್ಷಕ್ಕೊಂದು ಸಲ. ನನ್ನ ಅಭಿಪ್ರಾಯ ಕೇಳಿದ್ರೆ ಹೊಸಕಾಲದ ಮಾತ್ರೆಗಳಲ್ಲಿ ಕಣ್ಣಿಗೆ ದೊಡ್ಡ ಅಪಾಯ ಈ ದಾರೀಲೇ ಬರೋದು, ಜನ ಮಾತ್ರ ಪೊರೆ ಬಗ್ಗೆ ಕೇಳ್ತಾರೆ.

ಕಣ್ಣು ಪೂರ್ತಿ ಹೋಗ್ಬಿಡುತ್ತಾ?

ರೆಟಿನಾಗೆ ನೇರವಾಗಿ ಹೊಡೆಯೋ ಕುಖ್ಯಾತಿ ಇರೋದು ಹಳೇ ಮನಸ್ಸಿನ ಮಾತ್ರೆ ಥಿಯೋರಿಡಜೈನ್‌ಗೆ. ದಿನಕ್ಕೆ 800 ಮಿಲಿಗ್ರಾಂ ದಾಟಬಾರದು ಅನ್ನೋ ಗೆರೆ ಹಾಕಿದ್ದೇ ಅದಕ್ಕೆ, ದಾಟಿದೋರಿಗೆ ಸಂಜೆಗತ್ತಲಲ್ಲಿ ಕಾಣದಿರೋದು, ಎಲ್ಲಾ ಕಂದು ಬಣ್ಣವಾಗಿ ಕಾಣೋದು ಶುರುವಾಗ್ತಿತ್ತು. ಮೂಲ ಕಂಪನಿ 2005ರಲ್ಲಿ ಅದನ್ನ ವಾಪಸ್ ತಗೊಂಡಿತು, ಅದು ಹೃದಯದ ಬಡಿತದ ತೊಂದ್ರೆಗೆ. ಇವತ್ತು ನಿಮ್ಮ ಚೀಟೀಲಿ ಆ ಹೆಸರು ಸಿಗೋದು ಅಪರೂಪ, ಹಳೇ ಪೇಷೆಂಟ್ ಆದ್ರೆ ಹಿಂದೆ ತಗೊಂಡಿದ್ರಾ ಅಂತ ನೋಡಿ.

## ಸ್ವಲ್ಪ ಗೋಜಲಿನವು

ಅಮ್ಮನಿಗೆ ಒಂದೇ ಕಣ್ಣು ಕೆಂಪಾಗಿ ಸಿಡಿಯೋ ತಲೆನೋವು, ವಾಂತಿ. ಪಿತ್ತ ಅಂತ ಶುಂಠಿ ಕಷಾಯ ಕೊಟ್ವಿ

ಕಷಾಯ ಆಮೇಲೆ, ಮೊದ್ಲು ಕಣ್ಣಿನ ಡಾಕ್ಟರ್, ಅದೂ ಇವತ್ತೇ. ಕೆಲವರ ಕಣ್ಣಿನ ಒಳಗಿನ ನೀರು ಹರಿದು ಹೋಗೋ ಮೂಲೆ ಹುಟ್ಟಿನಿಂದಲೇ ಇಕ್ಕಟ್ಟು, ಪ್ಲಸ್ ಪವರ್ ಇರೋ ವಯಸ್ಸಾದ ಹೆಂಗಸರಲ್ಲಿ ಜಾಸ್ತಿ. ಟ್ರೈಹೆಕ್ಸಿಫೆನಿಡಿಲ್ ಆಗ್ಲಿ ಆ ಗುಣದ ಬೇರೆ ಮಾತ್ರೆ ಆಗ್ಲಿ ಪಾಪೆ ಹಿಗ್ಗಿಸಿದಾಗ ಆ ಮೂಲೆ ಮುಚ್ಚಿ ಹೋಗಿ ಕಣ್ಣಿನ ಪ್ರೆಶರ್ ಒಂದೇ ಸಲ ಏರುತ್ತೆ. ಬಲ್ಬಿನ ಸುತ್ತ ಕಾಮನಬಿಲ್ಲಿನ ಬಳೆ ಕಂಡ್ರೆ ಅದೂ ಇದರ ಗುರುತೇ. ತಡ ಮಾಡಿದ್ರೆ ನರಕ್ಕೆ ಆದ ಹಾನಿ ವಾಪಸ್ ಬರಲ್ಲ. ತೂಕ ಇಳಿಸಕ್ಕೋ ಮೈಗ್ರೇನ್‌ಗೋ ಟೋಪಿರಮೇಟ್ ಸೇರಿಸಿದ್ರೆ ಮೊದಲ ತಿಂಗಳಲ್ಲಿ ಎರಡೂ ಕಣ್ಣಿಗೆ ಹಿಂಗಾಗಬಹುದು, ದೂರದ್ದು ದಿಢೀರ್ ಮಸುಕಾಗುತ್ತೆ.

ಕಣ್ಣು ಒಂದೇ ಸಮ ಪಟಪಟ ಬಡ್ಕೊಳ್ಳುತ್ತೆ, ಮುಚ್ಚಿದ್ರೆ ತೆಗೆಯಕ್ಕೇ ಆಗಲ್ಲ

ಎಡಗಣ್ಣೋ ಬಲಗಣ್ಣೋ, ಶುಭವೋ ಅಶುಭವೋ ಅಂತ ಲೆಕ್ಕ ಹಾಕೋ ಅದುರು ಒಂದೆರಡು ದಿನಕ್ಕೆ ಹೋಗುತ್ತೆ, ಅದು ಬೇರೆ. ತಿಂಗಳು, ವರ್ಷ ಮಾತ್ರೆ ತಗೊಂಡ ಮೇಲೆ ಎರಡೂ ರೆಪ್ಪೆ ಬಲವಂತವಾಗಿ ಮುಚ್ಕೊಳ್ಳೋದು, ಜೊತೆಗೆ ತುಟಿ ಚಪ್ಪರಿಸೋದು, ನಾಲಿಗೆ ಹೊರಳಿಸೋದು ಇದ್ರೆ ಅದು ತಡವಾಗಿ ಬರೋ ಟಾರ್ಡಿವ್ ಜಾತಿಯ ತೊಂದ್ರೆ. ಬೇಗ ಹೇಳಿದಷ್ಟೂ ಒಳ್ಳೇದು. ಮನೇಲಿರೋ ಪ್ಯಾಸಿಟೇನ್ ನೀವೇ ಎರಡು ಜಾಸ್ತಿ ಕೊಡಬೇಡಿ, ಬಾಯಿ ನಾಲಿಗೆ ಆಡೋದು ಅದರಿಂದ ಇನ್ನೂ ಕೆಡಬಹುದು. ರೆಪ್ಪೆಗೆ ಬೊಟುಲಿನಮ್ ಇಂಜೆಕ್ಷನ್ ಇದೆ, ಕೆಲವು ತಿಂಗಳಿಗೊಮ್ಮೆ ಹಾಕಿಸ್ಬೇಕು.

ಮೂರು ಥರ ಮಾತ್ರೆ ಇದೆ, ಎಲ್ಲಾ ಎರಡೆರಡು ಕಾಣುತ್ತೆ. ಯಾವುದರ ತಪ್ಪು?

ಎರಡೆರಡು ಅಂದಾಗ ನಾನು ಮೊದ್ಲು ಹುಡುಕೋದು ಫಿಟ್ಸ್‌ಗೂ ಮೂಡ್ ಏರುಪೇರಿಗೂ ಕೊಡೋ ಕಾರ್ಬಮಜೆಪೈನ್, ಆಮೇಲೆ ಮೂಡ್ ಏರುಪೇರಿಗೆ ಕೊಡೋ ಲಿಥಿಯಂ. ಲಿಥಿಯಂ ತಗೊಳ್ಳೋರಿಗೆ ಮಸುಕಿನ ಜೊತೆ ಕೈ ನಡುಕ ದಪ್ಪಗಾಯ್ತು, ನಡಿಗೆ ತೂರಾಡ್ತು, ವಾಂತಿ ಭೇದಿ ಬಂತು ಅಂದ್ರೆ ರಕ್ತದಲ್ಲಿ ಲಿಥಿಯಂ ಏರಿರಬಹುದು, ಅವತ್ತೇ ಆಸ್ಪತ್ರೆ.

ಎಷ್ಟು ದಿನಕ್ಕೊಂದು ಸಲ ಕಣ್ಣು ತೋರಿಸ್ಬೇಕು, ಎಲ್ಲಿ?

ಸಾಧ್ಯ ಆದ್ರೆ ಮಾತ್ರೆ ಶುರು ಮಾಡೋ ಹೊತ್ತಿಗೆ ಒಂದ್ಸಲ, ಮುಂದೆ ಹೋಲಿಸಕ್ಕೆ ಇರ್ಲಿ ಅಂತ, ಆಮೇಲೆ ವರ್ಷಕ್ಕೊಮ್ಮೆ. ನಲವತ್ತು ದಾಟಿದ್ರೆ, ಶುಗರ್ ಇದ್ರೆ, ಮನೇಲಿ ಯಾರಿಗಾದ್ರೂ ಗ್ಲಾಕೋಮಾ, ಅಂದ್ರೆ ಕಣ್ಣಿನ ಪ್ರೆಶರ್ ಕಾಯಿಲೆ, ಇದ್ರೆ ತಪ್ಪಿಸ್ಬೇಡಿ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗನೂ ಇದೆ ಕಣ್ಣಿನ ವಿಭಾಗನೂ ಇದೆ, ಒಂದೇ ಬಸ್ ಚಾರ್ಜಲ್ಲಿ ಎರಡೂ ಮುಗಿಯುತ್ತೆ. ಪಾಪೆ ಹಿಗ್ಗಿಸೋ ಡ್ರಾಪ್ಸ್ ಹಾಕಿದ್ರೆ ಮೂರ್ನಾಲ್ಕು ಗಂಟೆ ಕಣ್ಣು ಮಂಜು, ಹಂಗಾಗಿ ಜೊತೆಗೊಬ್ಬರು ಬನ್ನಿ.

ಅಜ್ಜಿಗೆ ರಾತ್ರಿ ಮೂಲೇಲಿ ಮಕ್ಕಳು ಕೂತಂಗೆ ಕಾಣ್ತಾರಂತೆ. ರೋಗ ಜಾಸ್ತಿ ಆಯ್ತು, ಮಾತ್ರೆ ಏರಿಸಿ ಅಂತ ಹೇಳ್ಲಾ?

ಸ್ವಲ್ಪ ತಡೀರಿ. ಸ್ಕಿಜೋಫ್ರೇನಿಯಾದಲ್ಲಿ ಹೆಚ್ಚಾಗಿ ಕೇಳಿಸೋದು, ಕಾಣಿಸೋದು ಅಷ್ಟಿಲ್ಲ. ವಯಸ್ಸಾದೋರಿಗೆ ಹೊಸದಾಗಿ ಏನಾದ್ರೂ ಕಾಣ್ತಿದೆ ಅಂದ್ರೆ ಟ್ರೈಹೆಕ್ಸಿಫೆನಿಡಿಲ್ ತಲೆಗೇರಿರಬಹುದು, ಉರಿಮೂತ್ರದ ಸೋಂಕಿರಬಹುದು, ಅಥವಾ ಕಣ್ಣೇ ಮಂಜಾಗಿ ಮೆದುಳು ತಾನೇ ಚಿತ್ರ ಬಿಡಿಸ್ತಿರಬಹುದು, ದೃಷ್ಟಿ ಬಹಳ ಕಮ್ಮಿ ಆದೋರಿಗೆ ಹಂಗಾಗೋದುಂಟು, ಅದು ಹುಚ್ಚಲ್ಲ. ಬೇಲೂರು ಕಡೆಯ ಒಬ್ಬರು ಅಜ್ಜಿನ ಹಿಂಗೇ ಕರ್ಕೊಂಡು ಬಂದಿದ್ರು. ಟಾರ್ಚ್ ಹಾಕಿ ನೋಡ್ದೆ, ಎರಡೂ ಕಣ್ಣಲ್ಲಿ ಪೊರೆ ತೆಂಗಿನಕಾಯಿ ತಿರುಳಿನ ಹಂಗೆ ಬೆಳ್ಳಗಾಗಿತ್ತು. ಆ ಮಕ್ಕಳು ಏನಾದ್ರೂ ಮಾತಾಡ್ತಾರಾ ಅಜ್ಜಿ ಅಂತ ಕೇಳಿದ್ರೆ, "ಇಲ್ಲಪ್ಪ, ಸುಮ್ನೆ ಕೂತಿರ್ತವೆ ಪಾಪ, ಊಟನೂ ಕೇಳಲ್ಲ" ಅಂದ್ರು. ಡೋಸ್ ಮಾತು ಬಿಟ್ಟು ಮೊದ್ಲು ಪೊರೆ ತೋರಿಸಕ್ಕೆ ಕಳಿಸಿದೆ, ಚೀಟಿ ಮತ್ತು ಸ್ಟ್ರಿಪ್ ಎರಡೂ ಒಂದೇ ಕವರಲ್ಲಿ ಹಾಕಿ ಕೈಗೆ ಕೊಟ್ಟೆ.